ಕುರಿ ಯಾರಿಗೆ ಬಿಟ್ಟು ಬಂದಿ?

ಉಮದಿಯ ಆಚೆ, ಬೋರ್ ಹಳ್ಳದ ದಂಡೆಗೆ
ಕುಸುಬಿ ಕಿತ್ತ ಹೊಲದಲ್ಲಿ ಕುರಿ ತರುಬಿದ ರಾತ್ರಿ
ಸತ್ಯಮಿತ್ರ ಮಾಸ್ತರರು ಸೈಕಲ್ಲನ್ನು ತಡಿಕೆಗೆ ಒರಗಿಸಿ
ಕುರಿಹಾಲಿನ ಚಹಾಕ್ಕೆ ಬದಲಾಗಿ ಒಂದು ಕತೆ ಕೊಟ್ಟರು.

ಇಷಯನೆಂಬ ಮುದುಕ, ಎಂಟು ಗಂಡುಮಕ್ಕಳು.
ಕೊಂಬಿನಲ್ಲಿ ಎಣ್ಣೆ ತುಂಬಿಕೊಂಡು ಪ್ರವಾದಿ ಬಂದ,
ಏಳು ಮಂದಿಯನ್ನು ನಿಲ್ಲಿಸಿ ನೋಡಿ, ತಲೆ ಅಲ್ಲಾಡಿಸಿ,
'ಇನ್ನೊಬ್ಬ ಇಲ್ಲವೇ?' ಅಂದ.
'ಇದ್ದಾನೆ, ಸಣ್ಣವ. ಕುರಿ ಕಾಯಲು ಹೋಗಿದ್ದಾನೆ.'

'ನೋಡ, ಹಡೆದ ಅಪ್ಪನೇ ಲೆಕ್ಕಕ್ಕ ಹಿಡಿದಿಲ್ಲ'
ಅಂದಳು ಅಜ್ಜಿ ಲಾಯವ್ವ, ಒಲೆಗೆ ಜಾಲಿಕಟ್ಟಿಗೆ ನೂಕುತ್ತ.
'ತಲಿಗೆ ಹಾಕಿದ್ದು ಎಂಥಾ ಎಣ್ಣಿ?'
ಮಾಸ್ತರರು ಯಾವುದೋ ಮರದ ಹೆಸರು ಹೇಳಿದರು.
'ಇರಲಿ. ಯಾವ ಎಣ್ಣಿಗೂ ಕುರಿ ವಾಸನಿ ಹೋಗಂಗಿಲ್ಲ.'

ದೈತ್ಯ ಬಂದಾಗ ಕಾಕಾ ಅಮೋಗಿ ಕಂಬಳಿಯಿಂದ ಎದ್ದು ಕೂತ.
ಆರು ಮೊಳ ಒಂದು ಗೇಣು ಎತ್ತರ, ತಾಮ್ರದ ಶಿರಸ್ತ್ರಾಣ,
ಎದುರಿಗೆ ಕೆಂಚುಬಣ್ಣದ ಹುಡುಗ, ಕೈಯಲ್ಲಿ ಕವಣಿ,
ಚೀಲದಲ್ಲಿ ಹಳ್ಳದ ಐದು ನುಣುಪುಗಲ್ಲು.
'ಹಳ್ಳದ್ದೇ ಆಗಬೇಕು' ಅಂದ ಕಾಕಾ. 'ಹೊಲದ ಕಲ್ಲು ಸೊಟ್ಟ ಹೋಗತೈತಿ.'
ತನ್ನ ಕವಣಿ ಬಿಚ್ಚಿ ಒಂದು ಸುತ್ತು ತಿರುಗಿಸಿ ಕತ್ತಲಿಗೆ ಬಿಟ್ಟ.
ನಾವೆಲ್ಲ ಕಿವಿಗೊಟ್ಟೆವು.
ಆಚೆ ದಂಡೆಯ ಜಾಲಿಗೆ ಠಪ್ಪೆಂದಿತು, ಬಹಳ ಹೊತ್ತಿನ ಮೇಲೆ.

ಆದರೆ ಕಲ್ಲು ಬೀಸುವ ಮೊದಲೇ, ಪಾಳೆಯದಲ್ಲಿ,
ಹಿರಿಯಣ್ಣ ಸಿಟ್ಟಿಗೆದ್ದು ಕೇಳಿದ್ದನಂತೆ:
'ಅಡವಿಯೊಳಗಿನ ಆ ನಾಲ್ಕು ಕುರಿ ಯಾರಿಗೆ ಬಿಟ್ಟು ಬಂದಿ?'

ಅಜ್ಜಿಯ ಕೈ ಅಲ್ಲೇ ನಿಂತಿತು.
'ಹಾಂ. ಇದು ಕೇಳೂ ಮಾತು. ಯಾರಿಗೆ ಬಿಟ್ಟಿದ್ದ?'
ಮಾಸ್ತರರು ಬ್ಯಾಟರಿ ಹಚ್ಚಿ ಹಾಳೆ ತಿರುವಿದರು.
'ಒಬ್ಬ ಕಾವಲುಗಾರನಿಗೆ.'
'ಹೆಸರು?'
ಬ್ಯಾಟರಿಯ ಬೆಳಕು ಮೇಲೆ ಹೋಯಿತು, ಕೆಳಗೆ ಬಂತು.
'ಹೆಸರು ಬರೆದಿಲ್ಲವ್ವ.'

ಆಮೇಲೆ ಹುಡುಗ ಅರಸನಾದ. ಅರಮನೆ, ಮಾಳಿಗೆ,
ಮಾಳಿಗೆಯ ಮೇಲಿಂದ ಕಂಡ ಪರರ ಹೆಂಡತಿ,
ಆಕೆಯ ಗಂಡನನ್ನು ಯುದ್ಧದ ಮುಂಚೂಣಿಗೆ ಅಟ್ಟಿದ ಪತ್ರ.
ಅದನ್ನು ಅವನ ಮುಖಕ್ಕೇ ಹೇಳಲು ಬಂದವನು
ಒಂದು ಕುರಿಯ ಕತೆಯನ್ನೇ ಹೇಳಬೇಕಾಯಿತಂತೆ:
ಬಡವನೊಬ್ಬನ ಒಂದೇ ಒಂದು ಹೆಣ್ಣುಮರಿ,
ಅವನ ಗಂಗಾಳದಲ್ಲೇ ಉಂಡು ಅವನ ಮಗ್ಗುಲಲ್ಲೇ ಮಲಗುವುದು,
ಮಂದೆ ಇದ್ದ ಧಣಿ ಅದನ್ನೇ ಕೊಯ್ಯಿಸಿದ.
ಯಾರೂ ಮಾತಾಡಲಿಲ್ಲ. ನನ್ನ ತೊಡೆಯ ಮೇಲೆ
ತಾಯಿ ಸತ್ತ ಮರಿಯೊಂದು ನನ್ನ ಬೆರಳು ಚೀಪುತ್ತಿತ್ತು.

ಕಡೆಗೆ ಅರಸ ಮಂದಿಯನ್ನು ಎಣಿಸಿದ, ರೋಗ ಬಂತು.
'ಬರದ ಏನ ಮಾಡೀತು? ತಲಿ ಎಣಿಸಬಾರದು.
ಸಂಜಿಗೆ ಮಾರಿ ನೋಡಬೇಕು, ಯಾವ ಮಾರಿ ಇಲ್ಲ ಅಂತ ತಿಳೀತೈತಿ.
ಅಂವಗ ಅದು ಮರತುಹೋಗಿತ್ತು.'
ಇಷ್ಟು ಹೇಳಿ ಅಜ್ಜಿ ಕಂಬಳಿ ಎಳೆದುಕೊಂಡಳು.
ನಡುರಾತ್ರಿ ನಾಯಿ ಬೊಗಳಿದಾಗ ಎದ್ದು ಕೂತು
ತನಗೆ ತಾನೇ ಅನ್ನುತ್ತಿದ್ದಳು:
'ಹೊತ್ತು ಮುಳುಗೂತನಕ ದಾರಿ ನೋಡಿರಬೇಕು, ಪಾಪ.
ಈಗ ಬರತೇನಿ ಅಂತ ಹೇಳಿ ಹೋಗಿರತಾನ.'

ಈಗ ನಾನು ಜತ್ತದ ಕಚೇರಿಯಲ್ಲಿ ಕಾರಕೂನ.
ಅಜ್ಜಿ ಎಣಿಸಬಾರದೆಂದದ್ದನ್ನೇ ಎಣಿಸಿ ಸಂಬಳ ಉಣ್ಣುತ್ತೇನೆ:
ಜಾನುವಾರು ಗಣತಿ, ಮರಾಠಿ ಫಾರ್ಮು, ಗಂಡು ಎಷ್ಟು, ಹೆಣ್ಣೆಷ್ಟು.
ಮೊನ್ನೆ ಸಂಖದ ದಾರಿಯಲ್ಲಿ ಇನ್ನೂರು ಕುರಿಯ ಹಿಂದೆ
ಹರಿದ ಬನಿಯನ್ನಿನ ಮುದುಕನೊಬ್ಬ ಕುಂಟುತ್ತ ಬರುತ್ತಿದ್ದ.
ಎಣಿಸಿದ್ದು ಮುಗಿದ ಮೇಲೆ ಪೆನ್ನು ಹಿಡಿದು ಹೆಸರು ಕೇಳಿದೆ.

'ನಂದ್ಯಾಕ್ರೀ? ಧಣೇರದ ಬರಕೋರಿ' ಅಂದ.
'ಕುರಿ ನನ್ನವಲ್ಲ. ನಾ ಬರೇ ಕಾಯಾಂವ.'

ಬಿಸಿಲಿತ್ತು. ಫಾರ್ಮಿನಲ್ಲಿ ಜಾಗವಿರಲಿಲ್ಲ.
ಅಂಚಿನಲ್ಲಿ ಕನ್ನಡದಲ್ಲಿ ಬರೆಯಲೆಂದು
ಮತ್ತೊಮ್ಮೆ ಕೇಳಿದೆ.